ಕೋರ್ 63 ಡಿಗ್ರಿ, ಆದರೂ ಸ್ಕ್ರೀನ್ ಕಪ್ಪು: ವಾಟರ್ ಕೂಲಿಂಗ್ ಹಾಕಿದ ಮೇಲೆ ಗ್ರಾಫಿಕ್ಸ್ ಕಾರ್ಡ್ ಕೈಕೊಟ್ಟರೆ ಎಲ್ಲಿ ಹುಡುಕಬೇಕು?

ಏಪ್ರಿಲ್ ತಿಂಗಳು. ಇಂಟರ್ನಲ್ಸ್ ಮುಗಿಸಿ ಹಾಸ್ಟೆಲ್ ಕಡೆ ನಡೀತಾ ಇದ್ದೆ. ಬೈಲಹೊಂಗಲದಿಂದ ನಮ್ಮ ಕಾಕಾನ ಫೋನ್ ಬಂತು.

“ಏ ತಮ್ಮಾ, ನೀ ನೀರ ಹಾಕಿ ಹೋಗಿದ್ದ ಕಾರ್ಡ ಕೈ ಕೊಟ್ಟೈತಿ ನೋಡು. ರೆಂಡರ್ ಹಚ್ಚಿದ ಹತ್ತು-ಹನ್ನೆರಡು ನಿಮಿಷಕ್ಕ ಸ್ಕ್ರೀನ್ ಕರ್ರಗ ಆಗತೈತಿ. ನಾಡದು ಸವದತ್ತಿಯವರ ಲಗ್ನದ ವಿಡಿಯೋ ಕೊಡೂದೈತಿ.”

“ಟೆಂಪರೇಚರ್ ಎಷ್ಟ ತೋರಸತೈತ್ರಿ ಕಾಕಾ?”

“ಅರವತ್ತಮೂರು. ಅದೇನ ಹೆಚ್ಚಲ್ಲಲಾ?”

ಹೆಚ್ಚಲ್ಲ. ಗ್ರಾಫಿಕ್ಸ್ ಕಾರ್ಡಿಗೆ 63 ಡಿಗ್ರಿ ಅಂದ್ರೆ ಆರಾಮ. ಅದಕ್ಕೇ ಅಲ್ಲಿ ಕಾರ್ಡ್ ನೋಡಿದ ರಿಪೇರಿಯವರೊಬ್ಬರು “ಟೆಂಪರೇಚರ್ ಸರಿ ಐತಿ, ಅಂದ್ರ ಚಿಪ್ಪ ಹೋಗೈತಿ, ಹೊಸಾ ಕಾರ್ಡ ತಗೋರಿ” ಅಂದುಬಿಟ್ಟಿದ್ದರು. ಆ ಮಾತು ಕೇಳಿ ನನ್ನ ಹೊಟ್ಟೆಯೊಳಗೆ ಏನೋ ಕಲಸಿದಂತಾಯ್ತು. ಯಾಕಂದ್ರೆ ಜನವರಿ ರಜೆಯಲ್ಲಿ ಆ ಕಾರ್ಡ್ ಬಿಚ್ಚಿ ನೀರು ಹಾಕಿದವನು ನಾನೇ. ಕಾಕಾ ಬೇಡ ಅಂದಿದ್ದರೂ ಹಟ ಮಾಡಿ ಹಾಕಿದ್ದೆ.

ಕಾರ್ಡ್ ಹೋಗಿರಲಿಲ್ಲ. ತಪ್ಪು ಬೇರೆ ಕಡೆ ಇತ್ತು, ಮತ್ತು ಅದು ನಂದೇ ತಪ್ಪು. ಅದನ್ನು ಹುಡುಕಿದ ದಾರಿಯನ್ನೇ ಇಲ್ಲಿ ಬರೀತೀನಿ. ಹೊಸದೇನೂ ಬೇಕಾಗಲಿಲ್ಲ. ಮೊದಲ ವರ್ಷದ ಬೇಸಿಕ್ ಎಲೆಕ್ಟ್ರಿಕಲ್ಸ್‌ನಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ಓಮ್‌ನ ನಿಯಮ ಮತ್ತು ಆರ್‌ಸಿ ಸರ್ಕ್ಯೂಟ್, ಅಷ್ಟೇ ಸಾಕಾಯ್ತು.

ಮೊದಲು ಹಿನ್ನೆಲೆ

ಕಾಕಾ ಮದುವೆ, ಜಾತ್ರೆ, ಮುಂಜಿ ಎಲ್ಲದರ ವಿಡಿಯೋ ಮಾಡ್ತಾರೆ. ಬೈಲಹೊಂಗಲದಲ್ಲಿ ಸ್ಟುಡಿಯೋ, ಕೆಲಸ ಮಾತ್ರ ಕಿತ್ತೂರು, ಸವದತ್ತಿ, ರಾಮದುರ್ಗದವರೆಗೂ. ಅಕ್ಟೋಬರ್‌ನಲ್ಲಿ ಕಿತ್ತೂರು ಉತ್ಸವ, ಆಮೇಲೆ ಯಲ್ಲಮ್ಮನ ಗುಡ್ಡದ ಹುಣ್ಣಿಮೆಗಳು, ಬೇಸಿಗೆ ಬಂತಂದ್ರೆ ಸಾಲು ಸಾಲು ಮದುವೆ. ಈಗ ಎಲ್ಲರಿಗೂ ಫೋರ್‌ಕೆ ಬೇಕು. ಹಾಗಾಗಿ ಒಂದು ಸೆಕೆಂಡ್‌ಹ್ಯಾಂಡ್ ಆರ್‌ಟಿಎಕ್ಸ್ 3080 ತಂದಿದ್ದರು. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ತನ್ನ ಪದ್ಧತಿ ಬದಲಿಸಿ ಗ್ರಾಫಿಕ್ಸ್ ಕಾರ್ಡಿನಿಂದ ಮೈನಿಂಗ್ ಮಾಡೋದು ನಿಂತಾಗ ಇಂಥ ಕಾರ್ಡುಗಳು ಮಾರ್ಕೆಟ್ಟಿಗೆ ರಾಶಿ ರಾಶಿ ಬಂದವು. ಅಂಥದ್ದರಲ್ಲಿ ಇದೂ ಒಂದು ಇರಬೇಕು. ಫ್ಯಾನ್ ಸವೆದು ಗಿರಣಿ ಥರ ಸದ್ದು. ಕಾಕಾ ಅದೇ ಕೋಣೆಯಲ್ಲಿ ವಾಯ್ಸ್‌ಓವರ್ ರೆಕಾರ್ಡ್ ಮಾಡ್ತಾರೆ, ಫ್ಯಾನಿನ ಸದ್ದೂ ಅದರೊಳಗೆ ಬರ್ತಿತ್ತು.

ನಾನು ಕಾರ್ಡಿನ ಫ್ಯಾನ್, ಹೀಟ್‌ಸಿಂಕ್ ತೆಗೆದು ತಾಮ್ರದ ವಾಟರ್ ಬ್ಲಾಕ್ ಕೂರಿಸಿದೆ. ಜೊತೆಗೆ ಪಂಪ್, ನೀರಿನ ಚಿಕ್ಕ ಟ್ಯಾಂಕ್, ಮೂರು ಫ್ಯಾನಿನ ರೇಡಿಯೇಟರ್. ನೀರಿನ ಟೆಂಪರೇಚರ್ ತೋರಿಸೋ ಸಣ್ಣ ಸೆನ್ಸರ್ ಕೂಡ ಹಾಕಿದ್ದೆ. ಅದೊಂದು ಬುದ್ಧಿವಂತಿಕೆ ಮಾಡಿದ್ದೆ ಅಂತ ಈಗ ಅನಿಸುತ್ತೆ.

ನೀರು ಬರೀ ಹಮಾಲ

ವಾಟರ್ ಕೂಲಿಂಗ್ ಅಂದ ಕೂಡಲೇ ಎಲ್ಲರೂ ನೀರು ತಂಪು ಮಾಡುತ್ತೆ ಅಂದ್ಕೋತಾರೆ. ಕಾಕಾ ಕೂಡ “ಹರವ್ಯಾನ ನೀರ ಬ್ಯಾಸಿಗ್ಯಾಗೂ ತಂಪ ಇರತೈತಲಾ, ಹಂಗ ಇದೂ ಇರತೈತೇನು?” ಅಂತ ಕೇಳಿದ್ದರು. ಹರವಿಯ ಕತೆ ಬೇರೆ. ಮಣ್ಣಿನ ಸೂಕ್ಷ್ಮ ರಂಧ್ರಗಳಿಂದ ನೀರು ಹೊರಗೆ ಬಂದು ಆವಿಯಾಗುತ್ತೆ, ಹೋಗುವಾಗ ಶಾಖ ತಗೊಂಡು ಹೋಗುತ್ತೆ. ಅದಕ್ಕೇ ಹರವಿಯ ನೀರು ಕೋಣೆಗಿಂತ ತಂಪು. ನಮ್ಮ ಲೂಪ್ ಪೂರ್ತಿ ಮುಚ್ಚಿದ್ದು. ಅಲ್ಲಿ ನೀರು ಯಾವತ್ತೂ ಕೋಣೆಯ ಗಾಳಿಗಿಂತ ತಂಪಾಗೋದಿಲ್ಲ.

ಇಲ್ಲಿ ನೀರಿನ ಕೆಲಸ ಹಮಾಲನ ಕೆಲಸ. ಹತ್ತಿ ಮಾರ್ಕೆಟ್ಟಿನಲ್ಲಿ ಚೀಲ ಹೊತ್ತು ಲಾರಿಗೆ ಹಾಕಿದ ಹಾಗೆ, ಚಿಪ್ಪಿನ ಹತ್ತಿರ ಶಾಖ ಹೊತ್ತು ರೇಡಿಯೇಟರ್ ಹತ್ತಿರ ಇಳಿಸೋದು. ಕೊನೆಗೆ ಶಾಖ ಹೋಗೋದು ಕೋಣೆಯ ಗಾಳಿಗೇ. ದಾರಿ ಹೀಗಿದೆ: ಚಿಪ್, ಥರ್ಮಲ್ ಪೇಸ್ಟ್, ತಾಮ್ರದ ಬ್ಲಾಕ್, ನೀರು, ರೇಡಿಯೇಟರ್, ಗಾಳಿ.

ಇದನ್ನೇ ಸರ್ಕ್ಯೂಟ್ ಥರ ನೋಡಿ. ಶಾಖ ಹರಿಯೋದು ಕರೆಂಟ್ ಇದ್ದ ಹಾಗೆ, ಟೆಂಪರೇಚರ್ ವೋಲ್ಟೇಜ್ ಇದ್ದ ಹಾಗೆ, ಮಧ್ಯದ ಪ್ರತಿ ವಸ್ತು ಒಂದೊಂದು ರೆಸಿಸ್ಟರ್.

ಟೆಂಪರೇಚರ್ ವ್ಯತ್ಯಾಸ = ವ್ಯಾಟ್ × ಥರ್ಮಲ್ ರೆಸಿಸ್ಟೆನ್ಸ್

ಆರ್‌ಟಿಎಕ್ಸ್ 3080 ಪೂರ್ತಿ ಕೆಲಸದಲ್ಲಿ ಸುಮಾರು 320 ವ್ಯಾಟ್ ತಿನ್ನುತ್ತೆ. ಅಷ್ಟೂ ಶಾಖವೇ ಆಗುತ್ತೆ. ಸರ್ಕ್ಯೂಟಿನಲ್ಲಿ ಎಲ್ಲೋ ಲೂಸ್ ಕನೆಕ್ಷನ್ ಇದ್ದರೆ ನಾವೇನು ಮಾಡ್ತೀವಿ? ಮಲ್ಟಿಮೀಟರ್ ಹಿಡಿದು ಒಂದೊಂದೇ ಕಡೆ ಡ್ರಾಪ್ ನೋಡ್ತೀವಿ. ಕಾಲುವೆಯ ಕೊನೆಯ ಹೊಲಕ್ಕೆ ನೀರು ಬರದಿದ್ದರೆ ರೈತ ಕಾಲುವೆಯ ದಂಡೆ ಹಿಡಿದು ನಡೆದು ಎಲ್ಲಿ ಒಡೆದಿದೆ ಅಂತ ನೋಡ್ತಾನಲ್ಲ, ಹಾಗೆ. ವಾಟರ್ ಕೂಲಿಂಗ್‌ನಲ್ಲೂ ಅದೇ. ಎಲ್ಲಿ ವ್ಯತ್ಯಾಸ ಇರಬೇಕಾದ್ದಕ್ಕಿಂತ ಜಾಸ್ತಿ ಇದೆಯೋ ಅಲ್ಲೇ ತಪ್ಪು. ಒಂದೇ ಕಡೆಯ ನಂಬರ್ ನೋಡಿ ಏನೂ ಹೇಳಕ್ಕಾಗಲ್ಲ.

ಸ್ಕ್ರೀನೇ ಬರದಿದ್ದರೆ

ಮೊದಲು ಎಲ್ಲರಿಗೂ ಆಗೋ ಸಮಸ್ಯೆ: ನೀರು ಹಾಕಿದ್ದಾಯ್ತು, ಪವರ್ ಬಟನ್ ಒತ್ತಿದ್ದಾಯ್ತು, ಸ್ಕ್ರೀನ್ ಬರ್ತಿಲ್ಲ. ಜನವರಿಯಲ್ಲಿ ನನಗೂ ಆಯ್ತು. ಕಾಕೂ ಚಹಾ ತಂದಿಟ್ಟು “ಕೆಟ್ಟತೇನೋ?” ಅಂತ ಕೇಳಿದಾಗ ನಾನು ಉತ್ತರ ಕೊಡೋ ಸ್ಥಿತಿಯಲ್ಲಿರಲಿಲ್ಲ. ಇಲ್ಲಿ ಶಾಖಕ್ಕೆ ಸಂಬಂಧ ಕಡಿಮೆ, ಜೋಡಿಸೋವಾಗ ಆದ ತಪ್ಪುಗಳೇ ಜಾಸ್ತಿ. ಸುಲಭದ್ದರಿಂದ ಶುರು ಮಾಡಿ:

1. ಎಚ್‌ಡಿಎಂಐ ಕೇಬಲ್ ಮದರ್‌ಬೋರ್ಡಿಗೆ ಹಾಕಿದ್ದೀರೋ ಕಾರ್ಡಿಗೋ ನೋಡಿ. ನಗಬೇಡಿ, ಬಹಳ ಜನ ಮಾಡ್ತಾರೆ.

2. ಕಾರ್ಡಿನ ಪವರ್ ಕನೆಕ್ಟರ್ ಎಲ್ಲವೂ ಪೂರ್ತಿ ಕೂತಿವೆಯಾ? ಎಂಟು ಪಿನ್ನಿನ ಒಂದು ಕನೆಕ್ಟರಿಗೆ 150 ವ್ಯಾಟ್, ಸ್ಲಾಟಿಗೆ 75 ವ್ಯಾಟ್ ಅಂತ ಲೆಕ್ಕ. 320 ವ್ಯಾಟಿನ ಕಾರ್ಡಿಗೆ ಒಂದು ಕನೆಕ್ಟರ್ ಸಾಲದು. ಎರಡಕ್ಕೂ ಪವರ್ ಸಪ್ಲೈಯಿಂದ ಬೇರೆ ಬೇರೆ ಕೇಬಲ್ ಎಳೆಯೋದು ಒಳ್ಳೇದು.

3. ಕಾರ್ಡ್ ಸ್ಲಾಟಿನಲ್ಲಿ ಪೂರ್ತಿ ಕೂತಿದೆಯಾ? ತಾಮ್ರದ ಬ್ಲಾಕ್ ಭಾರ ಇರುತ್ತೆ, ಜೊತೆಗೆ ಪೈಪ್ ಒಂದು ಕಡೆ ಎಳೀತಾ ಇರುತ್ತೆ. ನನ್ನದು ಇದೇ ಆಗಿತ್ತು. ಪೈಪ್ ಗಿಡ್ಡ ಕತ್ತರಿಸಿದ್ದೆ, ಕಾರ್ಡಿನ ಒಂದು ತುದಿ ಕೂದಲೆಳೆಯಷ್ಟು ಮೇಲೆದ್ದಿತ್ತು. ಉದ್ದ ಪೈಪ್ ಹಾಕಿ, ಸ್ಲಾಟಿನ ಕೊಂಡಿ ‘ಟಕ್’ ಅಂದ ಮೇಲೆ ಸ್ಕ್ರೀನ್ ಬಂತು.

4. ಮದರ್‌ಬೋರ್ಡಿನಲ್ಲಿ ವಿಜಿಎ ಅಂತ ಬರೆದಿರೋ ಪುಟ್ಟ ಲೈಟ್ ಇದ್ದರೆ ಅದನ್ನು ನೋಡಿ. ಅದು ಉರಿದೇ ನಿಂತರೆ ಕಂಪ್ಯೂಟರಿಗೆ ಕಾರ್ಡ್ ಕಾಣ್ತಿಲ್ಲ ಅಂತರ್ಥ.

5. ಇಷ್ಟಾದರೂ ಬರದಿದ್ದರೆ ಬ್ಲಾಕಿನ ಸ್ಕ್ರೂ ನೋಡಿ. ಒಂದು ಮೂಲೆ ಪೂರ್ತಿ ಬಿಗಿ ಮಾಡಿ ಆಮೇಲೆ ಇನ್ನೊಂದಕ್ಕೆ ಹೋದರೆ ಬೋರ್ಡ್ ಬಾಗುತ್ತೆ, ಚಿಪ್ಪಿನ ಮೂಲೆ ಒಡೆಯೋ ಅಪಾಯವೂ ಇದೆ. ಟ್ರ್ಯಾಕ್ಟರ್ ಗಾಲಿಯ ನಟ್ ಬಿಗಿ ಮಾಡೋ ಕ್ರಮ ಗೊತ್ತಲ್ಲ? ಎದುರು ಬದುರು, ಸ್ವಲ್ಪ ಸ್ವಲ್ಪ. ಇಲ್ಲೂ ಅದೇ, ಒಂದು ಸಲಕ್ಕೆ ಅರ್ಧ ಸುತ್ತು.

ಕೊನೆಯ ಉಪಾಯ: ಹಳೇ ಹೀಟ್‌ಸಿಂಕ್ ಎಸೆಯದೆ ಇಟ್ಟುಕೊಂಡಿದ್ದರೆ ಅದನ್ನೇ ವಾಪಸ್ ಹಾಕಿ ನೋಡಿ. ಅದರಲ್ಲಿ ಕಾರ್ಡ್ ಓಡಿದರೆ ತಪ್ಪು ಬ್ಲಾಕ್ ಜೋಡಿಸಿದ್ದರಲ್ಲಿ. ಅದರಲ್ಲೂ ಓಡದಿದ್ದರೆ ಮಾತ್ರ ಕಾರ್ಡಿನ ಮೇಲೆ ಅನುಮಾನ ಪಡಿ.

ಸೋರಿಕೆ, ಪಂಪ್, ಗಾಳಿ ಗುಳ್ಳೆ

ನೀರು ತುಂಬಿದ ದಿನವೇ ಕಂಪ್ಯೂಟರ್ ಆನ್ ಮಾಡೋ ಆಸೆ ಬೇಡ. ಮದರ್‌ಬೋರ್ಡ್ ಮತ್ತು ಕಾರ್ಡಿನ ಪವರ್ ಕೇಬಲ್ ಎಲ್ಲ ತೆಗೆದು, ಪವರ್ ಸಪ್ಲೈಗೆ ಜಂಪರ್ ಪ್ಲಗ್ ಹಾಕಿ ಪಂಪ್ ಒಂದನ್ನೇ ಓಡಿಸಿ. ಪ್ರತಿ ಜಾಯಿಂಟ್ ಕೆಳಗೆ ಟಿಶ್ಯೂ ಪೇಪರ್ ಇಡಿ. ಒಂದು ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಪೇಪರ್ ಒಣಗಿದ್ದರೆ ಮುಂದಿನ ಕೆಲಸ.

ಓಡುವಾಗಲೇ ಸೋರಿದರೆ ಮೊದಲು ಗೋಡೆಯ ಸ್ವಿಚ್ ಆಫ್ ಮಾಡಿ. ಶುದ್ಧ ಡಿಸ್ಟಿಲ್ಡ್ ವಾಟರ್ ಕರೆಂಟ್ ಹರಿಸೋದು ಬಹಳ ಕಡಿಮೆ, ನಿಜ. ಆದರೆ ಲೂಪಿನೊಳಗೆ ಸುತ್ತಿ ಲೋಹದ, ಧೂಳಿನ ಅಯಾನುಗಳು ಸೇರಿದ ಮೇಲೆ ಅದು ಶುದ್ಧ ಅಲ್ಲ. ಕಾರ್ಡ್ ತೆಗೆದು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಒಂದೆರಡು ದಿನ ಒಣಗೋಕೆ ಬಿಡಿ. ಅವಸರ ಮಾಡಿ ಆನ್ ಮಾಡಿದರೆ ಉಳಿಯೋ ಕಾರ್ಡೂ ಹೋಗುತ್ತೆ.

ಪಂಪ್ ಒಣಗಿದ ಸ್ಥಿತಿಯಲ್ಲಿ ಓಡಿಸಬಾರದು. ಅದರ ಬೇರಿಂಗಿಗೆ ನೀರೇ ಎಣ್ಣೆ. ಟ್ಯಾಂಕ್ ಪಂಪಿಗಿಂತ ಮೇಲಿರಲಿ. ಗುಳುಗುಳು ಸದ್ದು ಬಂದರೆ ಒಳಗೆ ಗಾಳಿ ಇದೆ, ಕ್ಯಾಬಿನೆಟ್ ಆ ಕಡೆ ಈ ಕಡೆ ವಾಲಿಸಿ ಗಾಳಿ ಟ್ಯಾಂಕಿಗೆ ಬರೋ ಹಾಗೆ ಮಾಡಿ.

ಪಂಪ್ ನಿಂತರೆ ಏನಾಗುತ್ತೆ ಅಂತ ಲೆಕ್ಕ ಹಾಕೋಣ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡೋಕೆ ಸುಮಾರು 4.19 ಜೂಲ್ ಬೇಕು. ಬ್ಲಾಕಿನೊಳಗೆ 50 ಗ್ರಾಂ ನೀರು ಇದೆ ಅಂದ್ಕೊಳ್ಳಿ, ಅಂದ್ರೆ ಡಿಗ್ರಿಗೆ 209 ಜೂಲ್. ಸೆಕೆಂಡಿಗೆ 320 ಜೂಲ್ ಬರ್ತಿದೆ. ಸೆಕೆಂಡಿಗೆ ಒಂದೂವರೆ ಡಿಗ್ರಿ ಏರಿಕೆ! ಅರ್ಧ ನಿಮಿಷದೊಳಗೆ ಕಾರ್ಡ್ ತಾನೇ ವೇಗ ಇಳಿಸಿಕೊಳ್ಳೋ ಮಟ್ಟಕ್ಕೆ ಬರುತ್ತೆ. ಅದೇ ಪಂಪ್ ನಿಮಿಷಕ್ಕೆ ಎರಡು ಲೀಟರ್ ಹರಿಸ್ತಿದ್ದರೆ ಬ್ಲಾಕಿನೊಳಗೆ ಹೋಗೋ ನೀರಿಗೂ ಹೊರಗೆ ಬರೋ ನೀರಿಗೂ ವ್ಯತ್ಯಾಸ ಬರೀ 2.3 ಡಿಗ್ರಿ. ಅದಕ್ಕೇ ಲೂಪಿನಲ್ಲಿ ಯಾವುದು ಮೊದಲು ಯಾವುದು ಆಮೇಲೆ ಅನ್ನೋದಕ್ಕೆ ತಲೆ ಕೆಡಿಸಿಕೊಳ್ಳೋದು ಬೇಡ. ನೀರು ಎಲ್ಲ ಕಡೆ ಹತ್ತಿರ ಹತ್ತಿರ ಒಂದೇ ಬಿಸಿ ಇರುತ್ತೆ.

ಎಷ್ಟು ಹೊತ್ತಿಗೆ ಕೆಡ್ತು ಅಂತ ಕೇಳಿ

ಕಾಕಾನ ಫೋನಿನಲ್ಲಿ ನನಗೆ ಸಿಕ್ಕ ಮೊದಲ ಸುಳಿವು “ಹತ್ತು-ಹನ್ನೆರಡು ನಿಮಿಷಕ್ಕ” ಅನ್ನೋದು. ಅದು ಯಾಕೆ ಮುಖ್ಯ ಅಂದ್ರೆ ಲೂಪಿನ ನೀರು ಕೆಪಾಸಿಟರ್ ಇದ್ದ ಹಾಗೆ. ನಿಧಾನಕ್ಕೆ ತುಂಬುತ್ತೆ.

ನಮ್ಮ ಲೂಪಿನಲ್ಲಿ ಸುಮಾರು ಒಂದು ಲೀಟರ್ ನೀರು, ಅಂದ್ರೆ ಡಿಗ್ರಿಗೆ ಸುಮಾರು 4190 ಜೂಲ್. ರೇಡಿಯೇಟರಿನ ಥರ್ಮಲ್ ರೆಸಿಸ್ಟೆನ್ಸ್ ವ್ಯಾಟಿಗೆ 0.04 ಡಿಗ್ರಿ. ಎರಡನ್ನೂ ಗುಣಿಸಿದರೆ ಟೈಮ್ ಕಾನ್‌ಸ್ಟಂಟ್ ಸುಮಾರು 170 ಸೆಕೆಂಡ್. ಆರ್‌ಸಿ ಸರ್ಕ್ಯೂಟ್ ಪೂರ್ತಿ ಚಾರ್ಜ್ ಆಗೋಕೆ ಐದು ಟೈಮ್ ಕಾನ್‌ಸ್ಟಂಟ್ ಅಂತ ಕಲಿತಿದ್ದೀವಲ್ಲ, ಅಂದ್ರೆ ಹದಿನಾಲ್ಕು ನಿಮಿಷ.

ಹಾಗಾದರೆ:

ಲೋಡ್ ಕೊಟ್ಟ ಒಂದೆರಡು ಸೆಕೆಂಡಿಗೇ ಆಫ್ ಆದರೆ, ಅದು ಶಾಖ ಅಲ್ಲ. ಪವರ್ ಸಪ್ಲೈ, ಕೇಬಲ್ ಅಥವಾ ವೋಲ್ಟೇಜ್ ನೋಡಿ.

ಅರ್ಧ ನಿಮಿಷದೊಳಗೆ ಟೆಂಪರೇಚರ್ ನೇರ ಮೇಲೆ ಹೋದರೆ, ಪಂಪ್ ಓಡ್ತಿಲ್ಲ ಅಥವಾ ಬ್ಲಾಕ್ ಚಿಪ್ಪಿಗೆ ತಾಗಿಲ್ಲ.

ಹತ್ತು-ಹದಿನೈದು ನಿಮಿಷ ಆದ ಮೇಲೆ ಕೆಟ್ಟರೆ, ನೀರು ತನ್ನ ಕೊನೆಯ ಬಿಸಿಗೆ ಬಂದಾಗ ಯಾವುದೋ ಒಂದು ಭಾಗ ಮಿತಿ ದಾಟ್ತಿದೆ.

ಇದರಿಂದ ಇನ್ನೊಂದು ಪಾಠ: ಐದು ನಿಮಿಷದ ಟೆಸ್ಟ್ ನೋಡಿ “ಸೂಪರ್, 49 ಡಿಗ್ರಿ!” ಅಂತ ಸ್ಟೇಟಸ್ ಹಾಕಬೇಡಿ. ನಾನು ಹಾಕಿದ್ದೆ. ಕನಿಷ್ಠ ಅರ್ಧ ಗಂಟೆ ಲೋಡ್ ಕೊಟ್ಟು ನೋಡಿ.

ಐದು ನಂಬರ್

ಕಾಕಾನಿಗೆ ಎಚ್‌ಡಬ್ಲ್ಯುಇನ್ಫೋ ಅನ್ನೋ ಸಾಫ್ಟ್‌ವೇರ್ ಹಾಕಿಸಿ, ರೆಂಡರ್ ಹಚ್ಚಿ ಹತ್ತು ನಿಮಿಷ ಆದ ಮೇಲೆ ಐದು ನಂಬರ್ ಓದಿ ಹೇಳ್ರಿ ಅಂದೆ. ಕೋಣೆ 37. ನೀರು 50. ಕೋರ್ 63. ಹಾಟ್‌ಸ್ಪಾಟ್ 75. ಮೆಮೊರಿ ಜಂಕ್ಷನ್…

“ನೂರಾ ಎಂಟು. ಈಗ ನೂರಾ ಹತ್ತು. ತಮ್ಮಾ, ಇದೇನಿದು?”

ಅಲ್ಲಿಗೆ ಗೊತ್ತಾಯ್ತು. ಒಂದೊಂದೇ ವ್ಯತ್ಯಾಸ ನೋಡೋಣ.

ನೀರು ಮತ್ತು ಕೋಣೆ: 13 ಡಿಗ್ರಿ. ಮೂರು ಫ್ಯಾನಿನ ರೇಡಿಯೇಟರಿಗೆ 320 ವ್ಯಾಟಿನಲ್ಲಿ ಇದು ಸರಿಯೇ. ಇದು 20 ದಾಟಿದ್ದರೆ ರೇಡಿಯೇಟರಿನಲ್ಲಿ ಧೂಳು, ಫ್ಯಾನ್ ಉಲ್ಟಾ ಅಥವಾ ಬಿಸಿ ಗಾಳಿ ಹೊರಗೆ ಹೋಗೋಕೆ ಜಾಗ ಇಲ್ಲ ಅಂತರ್ಥ. ಹತ್ತಿ ಸೀಸನ್‌ನಲ್ಲಿ ನಮ್ಮೂರ ಗಾಳಿಯಲ್ಲೇ ಹತ್ತಿಯ ಎಳೆ ಇರುತ್ತೆ, ರೇಡಿಯೇಟರಿನ ಸಂದಿಗಳಲ್ಲಿ ಅದು ಕಂಬಳಿ ಹೊದಿಸಿದ ಹಾಗೆ ಕೂರುತ್ತೆ.

ಕೋರ್ ಮತ್ತು ನೀರು: 13 ಡಿಗ್ರಿ. ಇದೂ ಸರಿ. 25 ದಾಟಿದರೆ ಪೇಸ್ಟ್ ಸರಿ ಇಲ್ಲ, ನೀರಿನ ಹರಿವು ಕಡಿಮೆ ಅಥವಾ ಬ್ಲಾಕಿನ ಒಳಬಾಗಿಲು ಹೊರಬಾಗಿಲು ಅದಲು ಬದಲಾಗಿದೆ.

ಹಾಟ್‌ಸ್ಪಾಟ್ ಮತ್ತು ಕೋರ್: 12 ಡಿಗ್ರಿ. ಹಾಟ್‌ಸ್ಪಾಟ್ ಅಂದ್ರೆ ಚಿಪ್ಪಿನಲ್ಲಿ ಅತಿ ಬಿಸಿಯಾದ ಜಾಗ. 10ರಿಂದ 15 ಸಾಮಾನ್ಯ. 25ಕ್ಕೆ ಹೋದರೆ ಬ್ಲಾಕ್ ಓರೆಯಾಗಿ ಕೂತಿದೆ, ಒಂದು ಕಡೆ ಪೇಸ್ಟ್ ಇಲ್ಲ.

ಮೆಮೊರಿ ಮತ್ತು ನೀರು: 60 ಡಿಗ್ರಿ. ಇಲ್ಲಿದೆ ನೋಡಿ ಒಡೆದ ಕಾಲುವೆ! ಈ ಕಾರ್ಡಿನ ಜಿಡಿಡಿಆರ್6ಎಕ್ಸ್ ಮೆಮೊರಿ 110 ಡಿಗ್ರಿಗೆ ಬಂದರೆ ಕಾರ್ಡ್ ತನ್ನನ್ನು ಉಳಿಸಿಕೊಳ್ಳೋಕೆ ವೇಗ ಇಳಿಸುತ್ತೆ. ಸ್ಕ್ರೀನ್ ಕಪ್ಪಾಗೋ ಮೊದಲು ರೆಂಡರ್ ನಿಧಾನ ಆಗ್ತಿತ್ತಾ ಅಂತ ಕೇಳಿದೆ. “ಹೌದು, ಆಮಿ ನಡಿಗಿ ನಡೀತಿತ್ತು” ಅಂದರು ಕಾಕಾ.

ಟಾಸ್ಕ್ ಮ್ಯಾನೇಜರ್ ತೋರಿಸೋದು ಕೋರ್ ಟೆಂಪರೇಚರ್ ಒಂದನ್ನೇ. ಕಾಕಾ ನೋಡಿದ್ದೂ, ರಿಪೇರಿಯವರು ನೋಡಿದ್ದೂ, ಜನವರಿಯಲ್ಲಿ ನಾನು ಬೀಗಿದ್ದೂ ಅದೊಂದನ್ನೇ ನೋಡಿ.

ನಾನು ಮಾಡಿದ ತಪ್ಪು

ಗ್ರಾಫಿಕ್ಸ್ ಕಾರ್ಡ್ ಅಂದ್ರೆ ಒಂದು ಚಿಪ್ ಅಲ್ಲ. ಕೋರ್ ಸುತ್ತ ಹತ್ತು ಮೆಮೊರಿ ಚಿಪ್ಪುಗಳಿವೆ, ಪಕ್ಕದಲ್ಲಿ ವೋಲ್ಟೇಜ್ ಇಳಿಸಿ ಕೊಡೋ ವಿಆರ್‌ಎಂ ಇದೆ. ಹಳೇ ಹೀಟ್‌ಸಿಂಕ್ ಇದ್ದಾಗ ಅವೂ ಅದಕ್ಕೆ ತಾಗಿರುತ್ತವೆ, ಮೇಲಿಂದ ಫ್ಯಾನಿನ ಗಾಳಿಯೂ ಬೀಳುತ್ತೆ. ವಾಟರ್ ಬ್ಲಾಕ್ ಹಾಕಿದಾಗ ಫ್ಯಾನ್ ಇಲ್ಲ. ಬ್ಲಾಕ್ ತಾಗಿದರೆ ಮಾತ್ರ ಅವಕ್ಕೆ ತಂಪು.

ಇವೆಲ್ಲ ಕೋರ್‌ನಷ್ಟು ಎತ್ತರ ಇರೋದಿಲ್ಲ. ಮಧ್ಯದ ಸಂದಿ ತುಂಬೋಕೆ ಮೆತ್ತನೆಯ ಥರ್ಮಲ್ ಪ್ಯಾಡ್ ಇಡಬೇಕು. ನನ್ನ ಬ್ಲಾಕಿನ ಮ್ಯಾನುವಲ್‌ನಲ್ಲಿ ಮೆಮೊರಿಗೆ 1 ಮಿಲಿಮೀಟರ್ ದಪ್ಪದ ಪ್ಯಾಡ್ ಅಂತ ಬರೆದಿತ್ತು. ನಾನು ಅಳತೆ ತಪ್ಪಿ ಕತ್ತರಿಸಿ, ಏಳು ಚಿಪ್ಪಿಗೆ ಮುಗಿಸಿಬಿಟ್ಟೆ. ಊರಲ್ಲಿ ಥರ್ಮಲ್ ಪ್ಯಾಡ್ ಸಿಗೋ ಅಂಗಡಿ ನನಗೆ ಸಿಗಲಿಲ್ಲ. ಆನ್‌ಲೈನ್‌ನಲ್ಲಿ ತರಿಸೋಕೆ ನಾಲ್ಕು ದಿನ ಅಂತ ತೋರಿಸ್ತು, ನನ್ನ ರಜೆ ಎರಡೇ ದಿನ ಉಳಿದಿತ್ತು. ಡಬ್ಬಿಯಲ್ಲಿ ಅರ್ಧ ಮಿಲಿಮೀಟರ್ ಪ್ಯಾಡ್ ಇತ್ತು. ಉಳಿದ ಮೂರು ಚಿಪ್ಪಿಗೆ, ವಿಆರ್‌ಎಂನ ಒಂದು ತುದಿಗೆ ಅದನ್ನೇ ಇಟ್ಟೆ. ಅರ್ಧ ಮಿಲಿಮೀಟರಿಗೆ ಏನಾಗುತ್ತೆ ಅಂದ್ಕೊಂಡೆ.

ಏನಾಗುತ್ತೆ ಅಂತ ಈಗ ಲೆಕ್ಕ ಹಾಕಿದ್ದೀನಿ. ಮೆಮೊರಿ ಚಿಪ್ 12 × 14 ಮಿಲಿಮೀಟರ್. ಪ್ಯಾಡಿನ ಕಂಡಕ್ಟಿವಿಟಿ 6 ಅಂತ ಹಿಡಿದರೆ, 1 ಮಿಲಿಮೀಟರ್ ಪ್ಯಾಡಿನ ರೆಸಿಸ್ಟೆನ್ಸ್ ವ್ಯಾಟಿಗೆ ಸುಮಾರು 1 ಡಿಗ್ರಿ. ಗಾಳಿಯ ಕಂಡಕ್ಟಿವಿಟಿ 0.026 ಮಾತ್ರ. ಅರ್ಧ ಮಿಲಿಮೀಟರ್ ಗಾಳಿಯ ಸಂದಿಯ ರೆಸಿಸ್ಟೆನ್ಸ್ ವ್ಯಾಟಿಗೆ 114 ಡಿಗ್ರಿ! ಅಂದ್ರೆ ಆ ದಾರಿ ಮುಚ್ಚಿಹೋಗಿದೆ ಅಂತಲೇ ಅರ್ಥ. ಪುಣ್ಯಕ್ಕೆ ಸ್ವಲ್ಪ ಶಾಖ ಬೋರ್ಡಿನ ಮೂಲಕ ಹೇಗೋ ಹೊರಗೆ ಹೋಗ್ತಿತ್ತು, ಇಲ್ಲದಿದ್ದರೆ ಜನವರಿಯಲ್ಲೇ ಕತೆ ಮುಗೀತಿತ್ತು.

ಹಾಗಾದರೆ ಜನವರಿಯಲ್ಲಿ ಯಾಕೆ ಓಡ್ತು? ಆಗ ಕೋಣೆ 24 ಡಿಗ್ರಿ ಇತ್ತು. ವ್ಯತ್ಯಾಸಗಳು ಹಾಗೇ ಇರುತ್ತವೆ, ಕೋಣೆ ಎಷ್ಟು ಏರುತ್ತೋ ಎಲ್ಲವೂ ಅಷ್ಟೇ ಏರುತ್ತವೆ. ಏಪ್ರಿಲ್‌ನಲ್ಲಿ ತಗಡಿನ ಮಾಳಿಗೆಯ ಕೋಣೆ 37. ಹದಿಮೂರು ಡಿಗ್ರಿ ಜಾಸ್ತಿ. ಜನವರಿಯಲ್ಲಿ ಮೆಮೊರಿ 97ರ ಆಸುಪಾಸಿನಲ್ಲಿ ಇದ್ದಿರಬೇಕು, ನಾನು ನೋಡಲೇ ಇಲ್ಲ. ಚಳಿಗಾಲ ನನ್ನ ತಪ್ಪನ್ನು ಮುಚ್ಚಿಟ್ಟಿತ್ತು. ನಮ್ಮ ಕಡೆ ಯಾರಾದರೂ ಚಳಿಗಾಲದಲ್ಲಿ ಲೂಪ್ ಕಟ್ಟಿದರೆ, ಬಂದ ಪ್ರತಿ ನಂಬರಿಗೂ ಹದಿನೈದು ಸೇರಿಸಿ ನೋಡಿ. ಆಗಲೂ ಸರಿ ಇದ್ದರೆ ಸರಿ.

ಆ ರಾತ್ರಿ ಏನು ಮಾಡಿದ್ವಿ

ನಾನು ಊರಿಗೆ ಹೋಗೋಕೆ ಶನಿವಾರದವರೆಗೆ ಆಗ್ತಿರಲಿಲ್ಲ. ವಿಡಿಯೋ ಮಾತ್ರ ನಾಡಿದ್ದೇ ಕೊಡಬೇಕು. ಮತ್ತೆ ಅದೇ ಸೂತ್ರ: ರೆಸಿಸ್ಟೆನ್ಸ್ ಈಗ ಬದಲಿಸಕ್ಕಾಗಲ್ಲ, ವ್ಯಾಟ್ ಇಳಿಸಬಹುದು. ಆಫ್ಟರ್‌ಬರ್ನರ್‌ನಲ್ಲಿ ಪವರ್ ಲಿಮಿಟ್ 60 ಪರ್ಸೆಂಟ್ ಮಾಡಿಸಿದೆ, ಅಂದ್ರೆ ಸುಮಾರು 190 ವ್ಯಾಟ್. ಮೆಮೊರಿ ಕ್ಲಾಕ್ ಕೂಡ ಇಳಿಸಿದ್ವಿ. ಕ್ಯಾಬಿನೆಟ್ಟಿನ ಪಕ್ಕದ ಹಲಗೆ ತೆಗೆದು ಕಾರ್ಡಿನ ಬೆನ್ನಿಗೆ ಟೇಬಲ್ ಫ್ಯಾನ್. ಹಗಲಿನ ಬದಲು ರಾತ್ರಿ ಹನ್ನೊಂದಕ್ಕೆ ರೆಂಡರ್. ಮೆಮೊರಿ ನೂರರ ಕೆಳಗೇ ಉಳೀತು. ಕಾಕಾ ಎರಡು ಗಂಟೆವರೆಗೆ ಎದ್ದು ಕೂತು ಅರ್ಧ ಗಂಟೆಗೊಮ್ಮೆ ನಂಬರ್ ಕಳಿಸ್ತಿದ್ದರು. ಬೆಳಗಿನ ಜಾವ ಫೈಲ್ ಮುಗಿದಿತ್ತು.

ಶನಿವಾರ ಹೊಸ ಪ್ಯಾಡ್ ತಗೊಂಡು ಹೋಗಿ, ನೀರು ಇಳಿಸಿ, ಬ್ಲಾಕ್ ಬಿಚ್ಚಿದೆ. ಏಳು ಪ್ಯಾಡಿನ ಮೇಲೆ ಚಿಪ್ಪಿನ ಗುರುತು ಅಚ್ಚೊತ್ತಿದ ಹಾಗೆ ಇತ್ತು. ಮೂರರ ಮೇಲೆ ಏನೂ ಇಲ್ಲ, ಹೊಸದರಂತೆ ನುಣುಪು. ತಾಗಿಯೇ ಇರಲಿಲ್ಲ. ಮ್ಯಾನುವಲ್ ಹೇಳಿದ ದಪ್ಪದ ಪ್ಯಾಡ್ ಹಾಕಿದೆ, ಎರಡೂ ಬದಿಯ ಪ್ಲಾಸ್ಟಿಕ್ ಹಾಳೆ ತೆಗೆದದ್ದನ್ನು ಎರಡು ಸಲ ನೋಡಿದೆ (ಅದನ್ನು ಮರೆಯೋದೂ ಇಷ್ಟೇ ಸಾಮಾನ್ಯ ತಪ್ಪು). ಅದೇ 37 ಡಿಗ್ರಿ ಕೋಣೆಯಲ್ಲಿ, ಪೂರ್ತಿ 320 ವ್ಯಾಟಿನಲ್ಲಿ, ಒಂದು ಗಂಟೆಯ ನಂತರ ಮೆಮೊರಿ 74.

ಯಾವ ನೀರು?

ಕೊನೆಯದಾಗಿ ನೀರಿನ ವಿಷಯ, ಯಾಕಂದ್ರೆ “ಬೋರಿನ ನೀರೇ ಹಾಕೂಣಲಾ” ಅಂತ ನಮ್ಮ ಮನೆಯಲ್ಲೂ ಕೇಳಿದ್ದರು. ಬೇಡ. ಬೋರಿನ ನೀರು ಕಾಸಿದ ಪಾತ್ರೆಯ ತಳದಲ್ಲಿ, ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟೋದು ನೋಡಿದ್ದೀರಲ್ಲ? ಅದು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ. ಬ್ಲಾಕಿನೊಳಗಿನ ಸಂದಿಗಳು ಕೂದಲಿನಷ್ಟು ಸಣ್ಣ, ಬೇಗ ಕಟ್ಟಿಕೊಳ್ಳುತ್ತವೆ. ಬಾಟಲಿಯ ಕುಡಿಯೋ ನೀರಿನಲ್ಲೂ ಲವಣ ಇರುತ್ತೆ. ಡಿಸ್ಟಿಲ್ಡ್ ವಾಟರ್ ಬೇಕು. ಟ್ರ್ಯಾಕ್ಟರ್ ಬ್ಯಾಟರಿ ಅಂಗಡಿಗಳಲ್ಲಿ ಸಿಗುತ್ತೆ, ಆದರೆ ಅದೇ ಅಂಗಡಿಯಲ್ಲಿ ಬ್ಯಾಟರಿ ಆಸಿಡ್ ಕೂಡ ಅಂಥದ್ದೇ ಕ್ಯಾನಿನಲ್ಲಿ ಇರುತ್ತೆ. ಲೇಬಲ್ ಓದದೆ ತರಬೇಡಿ. ಪಾಚಿ ಕಟ್ಟದ ಹಾಗೆ, ಲೋಹ ತಿನ್ನದ ಹಾಗೆ ಕೂಲಂಟ್ ಮದ್ದು ಸೇರಿಸಿ.

ತಾಮ್ರದ ಬ್ಲಾಕಿಗೆ ಅಲ್ಯುಮಿನಿಯಂ ರೇಡಿಯೇಟರ್ ಸೇರಿಸಬೇಡಿ. ಎರಡು ಬೇರೆ ಲೋಹ, ನಡುವೆ ನೀರು: ಕೆಮಿಸ್ಟ್ರಿ ಲ್ಯಾಬಿನ ಗ್ಯಾಲ್ವಾನಿಕ್ ಸೆಲ್ಲೇ ಅದು. ಅಲ್ಯುಮಿನಿಯಂ ಸವೆದು ಕೊನೆಗೆ ಸೋರುತ್ತೆ.

ಇದೆಲ್ಲ ಬೇಕಿತ್ತಾ?

ಪ್ರಾಮಾಣಿಕವಾಗಿ ಹೇಳಬೇಕಂದ್ರೆ ಕಾಕಾನಿಗೆ ವಾಟರ್ ಕೂಲಿಂಗ್ ಬೇಕಿರಲಿಲ್ಲ. ಹಳೇ ಕಾರ್ಡಿಗೆ ಹೊಸ ಫ್ಯಾನ್, ಹೊಸ ಪೇಸ್ಟ್, ಹೊಸ ಪ್ಯಾಡ್ ಹಾಕಿ, ಕೋಣೆಗೆ ಒಂದು ಎಕ್ಸಾಸ್ಟ್ ಫ್ಯಾನ್ ಕೂರಿಸಿದ್ದರೆ ಅದರ ಕಾಲು ಭಾಗ ಖರ್ಚಿನಲ್ಲಿ ಮುಗೀತಿತ್ತು. ನನಗೆ ಮಾಡಬೇಕು ಅನಿಸಿತ್ತು, ಮಾಡಿದೆ. ಈಗ ಕೋಣೆ ಶಾಂತವಾಗಿದೆ, ವಾಯ್ಸ್‌ಓವರ್ ಚೆನ್ನಾಗಿ ಬರುತ್ತೆ, ಅದೊಂದು ಸಮಾಧಾನ. ಎಕ್ಸಾಸ್ಟ್ ಫ್ಯಾನ್ ಕೂಡ ಆಮೇಲೆ ಹಾಕಿಸಿದ್ವಿ.

ನಿಮ್ಮ ಕಾರ್ಡ್ ನೀರು ಹಾಕಿದ ಮೇಲೆ ಕೈಕೊಟ್ಟರೆ ಹೊಸದು ಕೊಳ್ಳೋ ಮೊದಲು ಒಂದು ಹಾಳೆ ತಗೊಳ್ಳಿ. ಎಷ್ಟು ಹೊತ್ತಿಗೆ ಕೆಡ್ತು ಅಂತ ಬರೀರಿ. ಕೋಣೆ, ನೀರು, ಕೋರ್, ಹಾಟ್‌ಸ್ಪಾಟ್, ಮೆಮೊರಿ ಐದೂ ಬರೀರಿ. ಒಂದರಿಂದ ಇನ್ನೊಂದನ್ನು ಕಳೆಯಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮತ್ತೆ ಅಳೆಯಿರಿ. ಮತ್ತು ಪ್ಯಾಡ್ ಕಡಿಮೆ ಬಿದ್ದರೆ ನಾಲ್ಕು ದಿನ ಕಾಯಿರಿ.

ಕಾಕಾ ಈಗಲೂ ರೆಂಡರ್ ಹಚ್ಚಿದಾಗಲೆಲ್ಲ ಸ್ಕ್ರೀನಿನ ಮೂಲೆಯಲ್ಲಿ ಆ ಐದು ನಂಬರ್ ತೆರೆದಿಟ್ಟಿರ್ತಾರೆ. ಮೊನ್ನೆ ರಾಮದುರ್ಗದ ಒಂದು ಮದುವೆಯ ಕೆಲಸ ಮಾಡುವಾಗ ಫೋನ್ ಮಾಡಿದ್ದರು. “ತಮ್ಮಾ, ನೀರಿಗೂ ಕ್ವಾಣಿಗೂ ನಡುವ ಹದಿನೇಳ ಆಗೈತಿ. ಹತ್ತಿ ಕುಂತೈತಿ ಅನಸ್ತೈತಿ, ರೇಡಿಯೇಟರ್ ಝಾಡಸ್ಲ್ಯಾ?” ನಾನು ಹೂಂ ಅಂದೆ.